ಎರಡು ಬೆರಳಗಲದ ಪ್ರಶ್ನೆ

ನಮ್ಮ ಊರಿನ ತರುಣರಲ್ಲಿ ಕೆಲವರಿಗೆ ಕಾರು ಕೊಂಡ ತೃಪ್ತಿ ಕೊಂಡಷ್ಟಕ್ಕೇ ಮುಗಿಯುವುದಿಲ್ಲ. ಅದನ್ನು ಎರಡು ಬೆರಳಗಲ ನೆಲದ ಕಡೆಗೆ ಇಳಿಸಿದ ಮೇಲೆಯೇ ಅದು ತಮ್ಮದಾಯಿತೆಂದು ಅವರ ಭಾವನೆ. ಕಾರ್ಖಾನೆಯವರು ಹಾಕಿಕೊಟ್ಟ ಸುರುಳಿ ಸ್ಪ್ರಿಂಗುಗಳನ್ನು ಬಿಚ್ಚಿ, ಅವಕ್ಕಿಂತ ಗಿಡ್ಡವೂ ಬಿರುಸೂ ಆದ ಬೇರೆ ನಾಲ್ಕನ್ನು ಕೂರಿಸಿದರೆ ಕಾರು ಸಾಮಾನ್ಯವಾಗಿ 25ರಿಂದ 40 ಮಿಲಿಮೀಟರಿನಷ್ಟು ತಗ್ಗುತ್ತದೆ. ಗಾಲಿಗೂ ಅದರ ಮೇಲಿನ ಕಮಾನಿಗೂ ನಡುವೆ ತೆರೆದಿದ್ದ ಬಾಯಿ ಮುಚ್ಚಿಕೊಳ್ಳುತ್ತದೆ. ತಿರುವಿನಲ್ಲಿ ಮೈ ವಾಲುವುದು ಕಡಿಮೆಯಾಗುತ್ತದೆ. ನಿಂತ ಕಾರೂ ಓಡಲು ಹೊರಟಂತೆ ಕಾಣುತ್ತದೆ. ಇದಕ್ಕೆ ಗ್ಯಾರೇಜು ಬೇಡ, ಭಾನುವಾರ ಒಂದು ಮಧ್ಯಾಹ್ನದಲ್ಲಿ ಮನೆಯ ಮುಂದೆಯೇ ಮುಗಿಯುವ ಕೆಲಸ ಎಂದು ಮಾರುವವರು ಹೇಳುತ್ತಾರೆ. ಮಾಡಿ ಮುಗಿಸಿದವರು ಹೌದೆನ್ನುತ್ತಾರೆ.

ಈ ಸಂಗತಿ ಎತ್ತಿದೊಡನೆ ಮೂರು ದನಿಗಳು ಕೇಳಿಬರುತ್ತವೆ. ಮನೆಯ ಹಿರಿಯರದು ಒಂದು: ‘ಇಂಜಿನಿಯರಿಂಗ್ ಓದಿಸಿದ್ದು ಕಾರಿನ ಕೆಳಗೆ ಮಲಗಿ ಗ್ರೀಸು ಬಳಿದುಕೊಳ್ಳುವುದಕ್ಕೇನೋ?’ ತರುಣನದು ಇನ್ನೊಂದು: ‘ನನ್ನ ಕಾರು, ನನ್ನ ದುಡ್ಡು, ನನ್ನ ಮನೆಯ ಅಂಗಳ, ನಿಮಗೇನು ಕಷ್ಟ?’ ಮೂರನೆಯದು ಕಾನೂನಿನ ದನಿ. ಅದು ‘ಕೂಡದು’ ಎಂದು ಒಂದೇ ಮಾತು ಹೇಳಿ ಕಣ್ಣು ಮುಚ್ಚಿಕೊಳ್ಳುತ್ತದೆ. ಮೂವರೂ ತಪ್ಪು ಕಡೆಗೆ ನೋಡುತ್ತಿದ್ದಾರೆ ಎಂಬುದು ನನ್ನ ವಾದ. ಮನೆಯಲ್ಲಿ ಕೂತು ಕಾರಿನ ಸ್ಪ್ರಿಂಗು ಬದಲಾಯಿಸುವುದು ದೋಷವಲ್ಲ. ಹಾಗೆ ಬದಲಾಯಿಸಿದ ಕಾರನ್ನು ಬಲ್ಲವರೊಬ್ಬರು ಪರೀಕ್ಷಿಸದೆ ಹತ್ತು ಜನ ನಡೆಯುವ ರಸ್ತೆಗೆ ತರುವುದು ದೋಷ. ಪರೀಕ್ಷಿಸುವವರೇ ನಮ್ಮಲ್ಲಿ ಇಲ್ಲದಿರುವುದು ಅದಕ್ಕಿಂತ ದೊಡ್ಡ ದೋಷ.

ಹಿರಿಯರ ಆಕ್ಷೇಪವನ್ನು ಮೊದಲು ತೆಗೆದುಕೊಳ್ಳುತ್ತೇನೆ. ಏಕೆಂದರೆ ಮೂರರಲ್ಲಿ ಹೆಚ್ಚು ಅನ್ಯಾಯವಾದದ್ದು ಅದೇ. ಕೈ ಕೆಸರಾದರೆ ಬಾಯಿ ಮೊಸರು ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುವ ನಾವು, ಕೆಸರಾದ ಕೈ ನಮ್ಮ ಮಗನದೇ ಆದರೆ ಮುಖ ಸಿಂಡರಿಸುತ್ತೇವೆ. ಆಯುಧಪೂಜೆಯ ದಿನ ಕಾರಿಗೆ ಚೆಂಡುಹೂವಿನ ಹಾರ, ಗಾಲಿಗಳ ಕೆಳಗೆ ನಿಂಬೆಹಣ್ಣು, ಜಾಕು ಸ್ಪ್ಯಾನರುಗಳಿಗೆ ಅರಿಸಿನ ಕುಂಕುಮ. ಮಾರನೆಯ ದಿನ ಅದೇ ಸ್ಪ್ಯಾನರನ್ನು ಕೈಯಲ್ಲಿ ಹಿಡಿದವನು ನಮ್ಮ ಕಣ್ಣಿಗೆ ಒಂದು ಮೆಟ್ಟಿಲು ಕೆಳಗಿನವನು. ಆಯುಧಕ್ಕೆ ಪೂಜೆ, ಅದನ್ನು ಬಳಸುವವನಿಗೆ ತಾತ್ಸಾರ! ಇದರ ಫಲವನ್ನು ಯಾವ ಹೆದ್ದಾರಿಯಲ್ಲಾದರೂ ನೋಡಬಹುದು. ಟೈರು ಪಂಕ್ಚರಾದ ಕಾರಿನ ಪಕ್ಕದಲ್ಲಿ, ಎರಡು ಪದವಿ ಪಡೆದ ಗೃಹಸ್ಥರು, ಸ್ಟೆಪ್ನಿ ಹಾಕಲು ತಿಳಿಯದೆ, ಫೋನು ಕಿವಿಗಿಟ್ಟುಕೊಂಡು ಯಾರಾದರೂ ಬರಲೆಂದು ಕಾಯುತ್ತಿರುತ್ತಾರೆ. ತನ್ನ ಕಾರಿನ ಗಾಲಿ ಬಿಚ್ಚಿ, ಅದರ ಹಿಂದೆ ಏನಿದೆ, ಯಾವುದು ಯಾವುದನ್ನು ಹೊತ್ತಿದೆ ಎಂದು ಕಣ್ಣಾರೆ ಕಂಡ ಹುಡುಗನ ಮೇಲೆ ನನಗೆ ಇವರಿಗಿಂತ ಹೆಚ್ಚು ಗೌರವ. ಅವನನ್ನು ಬೈಯಲು ಕಾರಣವಿದ್ದರೆ ಅದು ಅವನ ಉಗುರಿನ ಸಂದಿಯಲ್ಲಿರುವ ಗ್ರೀಸಂತೂ ಅಲ್ಲ.

ಕೆಲಸವೇನು ಸಾಮಾನ್ಯವೆ? ಮುಂದಿನ ಗಾಲಿಗಳ ಬಳಿ ಸ್ಪ್ರಿಂಗು ಶಾಕ್ ಅಬ್ಸಾರ್ಬರನ್ನು ಸುತ್ತಿಕೊಂಡು ಒಂದು ಕಂಬದಂತೆ ನಿಂತಿರುತ್ತದೆ. ಅಮೆರಿಕದ ಇಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ಕಂಬ ಅದು. ನಮ್ಮ ಸಣ್ಣ ಕಾರುಗಳಲ್ಲಿ ಬಹುಪಾಲಿಗೆ ಇಂದಿಗೂ ಅದೇ ಆಧಾರ. ಮೊದಲು ಗಾಲಿಯ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಸಡಿಲಿಸಬೇಕು. ಆಮೇಲೆ ಜಾಕಿನಿಂದ ಎತ್ತಿ, ಕಾರಿನ ಭಾರವನ್ನು ಕಬ್ಬಿಣದ ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಬರೇ ಜಾಕನ್ನು ನಂಬಿ, ಅಥವಾ ಇಟ್ಟಿಗೆ ಪೇರಿಸಿ, ಕಾರಿನ ಕೆಳಗೆ ತಲೆ ಹಾಕುವವನಿಗೆ ಸ್ಪ್ರಿಂಗಿನ ವಿಚಾರ ಮಾತಾಡುವ ಅರ್ಹತೆಯೇ ಇಲ್ಲ. ಗಾಲಿ ತೆಗೆದ ಮೇಲೆ ಬ್ರೇಕಿನ ರಬ್ಬರು ಕೊಳವೆಯನ್ನೂ ತಂತಿಗಳನ್ನೂ ಕಂಬದಿಂದ ಬಿಡಿಸಬೇಕು. ಗಾಲಿಯ ಗುಂಬವು ಆ ಕೊಳವೆಗೆ ಜೋತು ಬೀಳದಂತೆ ಹಗ್ಗ ಕಟ್ಟಿ ಹಿಡಿಯಬೇಕು. ಕೆಳಗಿನ ಬೋಲ್ಟುಗಳನ್ನೂ ಬಾನೆಟ್ಟಿನೊಳಗಿನ ಮೇಲಿನ ನಟ್ಟುಗಳನ್ನೂ ತೆಗೆದರೆ ಕಂಬ ಇಡಿಯಾಗಿ ಕೈಗೆ ಬರುತ್ತದೆ. ನಡುವಿನ ಒಂದು ನಟ್ಟನ್ನು ಮಾತ್ರ ಆಗ ಮುಟ್ಟಕೂಡದು.

ಮುಟ್ಟಕೂಡದೇಕೆಂದರೆ, ಒಳಗೆ ಅದುಮಿಟ್ಟ ಸ್ಪ್ರಿಂಗನ್ನು ಹಿಡಿದಿರುವುದು ಅದೊಂದೇ ನಟ್ಟು. ಎಳೆದಷ್ಟೂ, ಅದುಮಿದಷ್ಟೂ ಸ್ಪ್ರಿಂಗು ಅದೇ ಪ್ರಮಾಣದಲ್ಲಿ ತಿರುಗಿಬೀಳುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿಯೇ ಲೋಕಕ್ಕೆ ತಿಳಿಸಿದ. ಸಣ್ಣ ಕಾರಿನ ಸ್ಪ್ರಿಂಗೊಂದು ಮಿಲಿಮೀಟರಿಗೆ 2 ಕಿಲೋ ಭಾರ ಹೊರುತ್ತದೆಂದು ಇಟ್ಟುಕೊಳ್ಳೋಣ. ಅದನ್ನು 150 ಮಿಲಿಮೀಟರು ಅದುಮಿದರೆ 300 ಕಿಲೋ ಭಾರದ ಒತ್ತಡ. ಅದರೊಳಗೆ ಕೂಡಿಟ್ಟ ಶಕ್ತಿ, 22 ಕಿಲೋ ಕಲ್ಲೊಂದು ಒಂದು ಮೀಟರು ಎತ್ತರದಿಂದ ಬಿದ್ದಷ್ಟು. ಆ ಕಲ್ಲು ಕೆಳಕ್ಕೆ ಬೀಳುತ್ತದೆ. ಈ ಶಕ್ತಿಯೋ, ಬಿಚ್ಚುವವನ ಮುಖದ ಕಡೆಗೆ ಹಾರುತ್ತದೆ. ಆದ್ದರಿಂದ ಸ್ಪ್ರಿಂಗ್ ಕಂಪ್ರೆಸರ್ ಎಂಬ ಎರಡು ಕೊಕ್ಕೆಗಳ ಉಪಕರಣವನ್ನು ಸುರುಳಿಯ ಎದುರುಬದುರು ಬದಿಗಳಿಗೆ ಸಿಕ್ಕಿಸಿ, ಒಂದರ ಬಳಿಕ ಒಂದನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ, ಸ್ಪ್ರಿಂಗು ತನ್ನ ಪೀಠದ ಮೇಲೆ ಸಡಿಲವಾಗಿ ಆಡುವವರೆಗೆ ಅದುಮಬೇಕು. ನಡುವಿನ ನಟ್ಟಿನ ಸರದಿ ಆಮೇಲೆ. ಕೊಕ್ಕೆ ಜಾರಿದರೆ ಪಕ್ಕದಲ್ಲಿ ಕೂತು ಟಾರ್ಚು ಹಿಡಿದ ತಮ್ಮನಿಗೂ ಅಪಾಯವೇ.

ಇಷ್ಟನ್ನು ತಿಳಿದು, ತಾಳ್ಮೆಯಿಂದ ಮಾಡುವವನನ್ನು ನಾನು ಹೆಡ್ಡನೆನ್ನಲಾರೆ. ಆದರೆ ‘ನಾಲ್ಕು ಸ್ಪ್ರಿಂಗು, ಒಂದು ಮಧ್ಯಾಹ್ನ’ ಎಂದು ಸರಕು ಮಾರುವವರ ಮಾತು ಮಾತ್ರ ಸುಳ್ಳು. ಬದಲಾಗುವುದು ಸ್ಪ್ರಿಂಗು ಒಂದೇ ಅಲ್ಲ. ಸುರುಳಿಯ ತುದಿ ಪೀಠದ ಮೆಟ್ಟಿಲಿಗೆ ಸರಿಯಾಗಿ ತಾಗಿ ಕೂರದಿದ್ದರೆ ಒಂದು ದಿನ ಅದು ತಾನಾಗಿ ಜಾರಿ ಕೂರುತ್ತದೆ. ಕೀಲುಗಳ ರಬ್ಬರು ಬುಷ್ಷುಗಳ ಬೋಲ್ಟನ್ನು ಗಾಲಿ ಗಾಳಿಯಲ್ಲಿ ತೂಗುತ್ತಿರುವಾಗಲೇ ಬಿಗಿದರೆ, ಕಾರು ನೆಲಕ್ಕೆ ಇಳಿದ ಮೇಲೆ ಆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೊನೆಯ ಬಿಗಿ ಭಾರ ಬಿದ್ದ ಮೇಲೆ ಕೊಡಬೇಕಾದ್ದು. ಕಾರು ತಗ್ಗಿದೊಡನೆ ಗಾಲಿಗಳ ಕೋನ ಬದಲಾಗುತ್ತದೆ. ವೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರು ಒಳಬದಿಯಿಂದ ಸವೆಯುತ್ತದೆ, ಹೊರಗಿನಿಂದ ನೋಡಿದವನಿಗೆ ಹೊಸದರಂತೆಯೇ ಕಾಣುತ್ತದೆ. ಹಳೆಯ ಶಾಕ್ ಅಬ್ಸಾರ್ಬರು ಮೆತ್ತನೆಯ ಸ್ಪ್ರಿಂಗನ್ನು ಹತೋಟಿಯಲ್ಲಿಡಲು ಮಾಡಿದ್ದು. ಬಿರುಸು ಸ್ಪ್ರಿಂಗಿನ ಕುಪ್ಪಳಿಕೆ ಅದರ ಕೈಗೆ ಮೀರಿದ್ದು. ಕಾರು ತಗ್ಗಿದಷ್ಟೂ ಗಾಲಿ ಮೇಲಕ್ಕೆ ಸರಿಯಲು ಇರುವ ಜಾಗ ಕಡಿಮೆ. ಗುಂಡಿ ಸಿಕ್ಕಾಗ ಕೊನೆಯ ರಬ್ಬರು ತಡೆಗೆ ಬಡಿದು ಪೆಟ್ಟು ನೇರವಾಗಿ ಕಾರಿನ ಮೈಗೆ ಹೋಗುತ್ತದೆ. ಕಾರ್ಖಾನೆಯ ಇಂಜಿನಿಯರು ಭಾರ, ರಸ್ತೆ, ಬ್ರೇಕು, ಟೈರು, ಬೆಳಕು ಇಷ್ಟನ್ನೂ ಕೂಡಿಸಿ ಒಂದು ಒಪ್ಪಂದಕ್ಕೆ ಬಂದು ಆ ಎತ್ತರವನ್ನು ನಿಶ್ಚಯಿಸಿರುತ್ತಾನೆ. ಅದರ ಒಂದು ಕಲಮನ್ನು ತಿದ್ದಿದವನು ಮಿಕ್ಕ ಕಲಮುಗಳನ್ನೂ ಓದಿ ತಿದ್ದಬೇಕು.

ಇನ್ನು ‘ನನ್ನ ಕಾರು, ನನ್ನ ದುಡ್ಡು’ ಎಂಬ ವಾದ. ಕಾರು ಅಂಗಳದಲ್ಲಿ ನಿಂತಿರುವವರೆಗೆ ಈ ಮಾತಿಗೆ ಎದುರಿಲ್ಲ. ಗೇಟು ದಾಟಿದ ಮೇಲೆ ಇದೆ. ಒಂದು ಲೆಕ್ಕ ಹೇಳುತ್ತೇನೆ. ಕಾರಿನ ಮುಂದೀಪವನ್ನು ಡಿಪ್ ಮಾಡಿದಾಗ ಅದರ ಬೆಳಕು ಎದುರಿನವರ ಕಣ್ಣಿಗೆ ಹೊಡೆಯದಿರಲೆಂದು ಶೇಕಡಾ 1ರಷ್ಟು ಕೆಳಮುಖವಾಗಿ ಬಾಗುವಂತೆ ಇಟ್ಟಿರುತ್ತಾರೆ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ 2.45 ಮೀಟರು ಇರುವ ಸಣ್ಣ ಕಾರಿನಲ್ಲಿ, ಮುಂಭಾಗಕ್ಕಿಂತ ಹಿಂಭಾಗ ಎರಡೂವರೆ ಸೆಂಟಿಮೀಟರು ಹೆಚ್ಚು ತಗ್ಗಿತೆನ್ನಿ. ಕಾರು ಅಷ್ಟೇ ಶೇಕಡಾ 1ರಷ್ಟು ಮೂಗೆತ್ತುತ್ತದೆ. ಕಾರ್ಖಾನೆಯವರು ಇಟ್ಟ ಬಾಗು ಪೂರ್ತಿ ಮಾಯ. 50 ಮೀಟರು ದೂರದಲ್ಲಿ ಬೆಳಕು ಅರ್ಧ ಮೀಟರು ಮೇಲೇರಿ, ಎದುರಿನಿಂದ ಬರುವ ಸ್ಕೂಟರಿನವನ ಕಣ್ಣಿಗೆ ಬೀಳುತ್ತದೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬರುವ ಆ ಮನುಷ್ಯ ಯಾರ ಸ್ಪ್ರಿಂಗಿಗೂ ದುಡ್ಡು ಕೊಟ್ಟವನಲ್ಲ. ಕುರುಡಾಗುವ ಪಾಲು ಮಾತ್ರ ಅವನದು. ದೀಪವನ್ನು ಮತ್ತೆ ಹೊಂದಿಸಲು ಐದು ನಿಮಿಷ ಸಾಕು. ಹೊಂದಿಸಬೇಕೆಂದು ಹೊಳೆಯುವವರು ಎಷ್ಟು ಮಂದಿ?

ಬ್ರೇಕಿನ ಮಾತು ಇದಕ್ಕಿಂತ ಗಂಭೀರವಾದದ್ದು. ಹಳೆಯ ಕೆಲವು ಕಾರುಗಳಲ್ಲೂ ವ್ಯಾನುಗಳಲ್ಲೂ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಹೋಗಬೇಕೆಂಬುದನ್ನು ಒಂದು ವಾಲ್ವು ನಿರ್ಧರಿಸುತ್ತದೆ. ಹಿಂಭಾಗ ತಗ್ಗಿದ್ದರೆ ಗಾಡಿಯಲ್ಲಿ ಭಾರ ತುಂಬಿದೆ ಎಂದು ಅದರ ತಿಳಿವಳಿಕೆ. ಆಗ ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಗಿಡ್ಡ ಸ್ಪ್ರಿಂಗು ಹಾಕಿದ ಗಾಡಿ ಖಾಲಿಯಿದ್ದಾಗಲೂ ತಗ್ಗಿಯೇ ಇರುತ್ತದೆ. ವಾಲ್ವಿಗೆ ಇದು ಹೇಗೆ ತಿಳಿಯಬೇಕು? ಮಳೆಯಲ್ಲಿ ಗಟ್ಟಿಯಾಗಿ ಬ್ರೇಕು ಒತ್ತಿದಾಗ ಹಗುರಾದ ಹಿಂದಿನ ಗಾಲಿಗಳು ಮೊದಲು ಸ್ತಬ್ಧವಾಗಿ, ಕಾರು ಬಾಲ ತಿರುಗಿಸುತ್ತದೆ. ಆ ಬಾಲ ಸವರುವ ಜಾಗದಲ್ಲಿ ಯಾರಿರುತ್ತಾರೋ, ಅವರಿಗೂ ಕಾರಿನ ಎತ್ತರದ ಬಗ್ಗೆ ಒಂದು ಮಾತು ಹೇಳುವ ಹಕ್ಕಿದೆ.

ರಸ್ತೆಯುಬ್ಬುಗಳ ವಿಷಯಕ್ಕೆ ಬರೋಣ. ‘ತಪ್ಪು ನನ್ನ ಕಾರಿನದಲ್ಲ, ನಿಮ್ಮ ಹಂಪುಗಳದು’ ಎಂದು ತರುಣರು ಹೇಳುವುದುಂಟು. ಅರ್ಧ ನಿಜ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಕೊಟ್ಟ ಮಾದರಿಯಂತೆ ಹಂಪು ದಾರಿಯುದ್ದಕ್ಕೆ 3.7 ಮೀಟರು ಹರಡಿಕೊಂಡು, ನಡುವೆ 10 ಸೆಂಟಿಮೀಟರು ಮಾತ್ರ ಎತ್ತರವಿರಬೇಕು. ಗಂಟೆಗೆ 25 ಕಿಲೋಮೀಟರು ವೇಗದಲ್ಲಿ ಅದನ್ನು ಸುಖವಾಗಿ ದಾಟಬಹುದು. ಅಂಥ ಹಂಪಿನ ನೆತ್ತಿಯ ಮೇಲೆ ಸಣ್ಣ ಕಾರಿನ ನಡು ಬಂದಾಗ ನಾಲ್ಕು ಗಾಲಿಗಳೂ ಇಳಿಜಾರಿನ ಮೇಲೆಯೇ ಇರುತ್ತವೆ. ಲೆಕ್ಕ ಹಾಕಿದರೆ ಹೊಟ್ಟೆಗೆ ಬೇಕಾಗುವ ತೆರಪು ನಾಲ್ಕೂವರೆ ಸೆಂಟಿಮೀಟರು. ತಗ್ಗಿಸಿದ ಕಾರೂ ಅದನ್ನು ತಾಗದೆ ದಾಟುತ್ತದೆ. ಆದರೆ ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಏಳುವ ಹಂಪುಗಳು ಯಾವ ಮಾದರಿಯನ್ನು ಕೇಳಿ ಹುಟ್ಟಿದವು? ಒಂದು ಮೊಳ ಅಗಲ, ಒಂದು ಗೇಣಿಗೆ ಸ್ವಲ್ಪ ಕಡಿಮೆ ಎತ್ತರ, ಬಣ್ಣವಿಲ್ಲ, ಫಲಕವಿಲ್ಲ. 15 ಸೆಂಟಿಮೀಟರಿನ ಇಂಥ ದಿಣ್ಣೆ ನಾಲ್ಕು ಗಾಲಿಗಳ ನಡುವೆ ಬಂದರೆ ಹೊಟ್ಟೆಗೆ ಪೂರ್ತಿ 15 ಸೆಂಟಿಮೀಟರು ತೆರಪು ಬೇಕು. ಖಾಲಿಯಿರುವಾಗ 17 ಸೆಂಟಿಮೀಟರು ತೆರಪಿರುವ ಕಾರು, ಐದು ಜನ ಕೂತರೆ ಸುಮಾರು 4 ಸೆಂಟಿಮೀಟರು ಕೂಡುತ್ತದೆ. ಅಂದರೆ ತಗ್ಗಿಸದ ಕಾರೇ ತಳ ಉಜ್ಜಿಸಿಕೊಳ್ಳುತ್ತದೆ. ಮತ್ತೆ ಎರಡು ಬೆರಳಗಲ ಇಳಿಸಿದ ಕಾರಿನ ಗತಿಯೇನು?

ಅದರ ಗತಿಯನ್ನು ದಿನವೂ ರಸ್ತೆಯಲ್ಲಿ ನೋಡುತ್ತಿದ್ದೇನೆ. ಹಂಪು ಕಂಡೊಡನೆ ಕಾರು ಇದ್ದಕ್ಕಿದ್ದಂತೆ ಆಮೆಯಾಗುತ್ತದೆ. ಹಿಂದೆ ಬಂದವನು ಬ್ರೇಕು ಅದುಮಿ ಕಾಲೂರುತ್ತಾನೆ. ಬಳಿಕ ಕಾರು ಓರೆಯಾಗಿ, ಒಂದೊಂದೇ ಗಾಲಿಯನ್ನು ಮೇಲೇರಿಸುತ್ತ, ಎದುರು ಬದಿಯ ಅರ್ಧ ರಸ್ತೆಯನ್ನೂ ಬಳಸಿಕೊಂಡು ಹಂಪು ದಾಟುತ್ತದೆ. ಎದುರಿನಿಂದ ಬಂದ ಸೈಕಲ್ಲಿನವನು ಚರಂಡಿಯ ಅಂಚಿಗೆ ಸರಿದುಕೊಳ್ಳುತ್ತಾನೆ. ವೇಗಕ್ಕೆಂದು ತಗ್ಗಿಸಿದ ಕಾರು ಆಟೋರಿಕ್ಷಾಗಿಂತ ನಿಧಾನವಾಗಿ ಹೋಗುವುದು ಅದರ ಯಜಮಾನನ ಸ್ವಂತ ಸಂಕಟ. ಅದಕ್ಕಾಗಿ ಇನ್ನೊಬ್ಬನ ದಾರಿ ಕಸಿದುಕೊಳ್ಳುವುದು ಸ್ವಂತ ವಿಚಾರವಲ್ಲ. ಹಂಪು ಕಟ್ಟಿದವರನ್ನು ಬೈಯಿರಿ, ನಾನೂ ಜೊತೆಗೆ ಬೈಯುತ್ತೇನೆ. ಆದರೆ ಇರುವ ರಸ್ತೆಗೆ ತಕ್ಕ ಕಾರು ಓಡಿಸಬೇಕು. ರಸ್ತೆ ಸರಿಯಾದ ದಿನ ಕಾರು ತಗ್ಗಿಸುವ ಮಾತು.

ಗಿಡ್ಡ ಸ್ಪ್ರಿಂಗು ದುಬಾರಿಯೆಂದು ಇದಕ್ಕಿಂತ ಅಗ್ಗದ ದಾರಿಯೊಂದು ಹುಟ್ಟಿಕೊಂಡಿದೆ. ಇರುವ ಸ್ಪ್ರಿಂಗನ್ನೇ ಒಂದು ಸುತ್ತು ಗ್ಯಾಸ್ ಕಟಿಂಗ್ ಮಾಡಿಸುವುದು. ಆರು ಸುತ್ತಿನ ಸುರುಳಿಯಲ್ಲಿ ಒಂದನ್ನು ಕತ್ತರಿಸಿದರೆ ಉಳಿದ ಐದು ಸುತ್ತು ಮೊದಲಿಗಿಂತ ಶೇಕಡಾ 20ರಷ್ಟು ಬಿರುಸಾಗುತ್ತದೆ, ಇದು ಗಣಿತ. ಆದರೆ ಗ್ಯಾಸಿನ ಉರಿ ಹತ್ತಿದ ಕಡೆ ಉಕ್ಕಿನ ಹದ ಕೆಡುತ್ತದೆ. ಕತ್ತರಿಸಿದ ತುದಿ ಪೀಠದ ಮೇಲೆ ನೆಟ್ಟಗೆ ಕೂರುವುದಿಲ್ಲ. ಗಾಲಿ ಗುಂಡಿಯ ಮೇಲೆ ತೂಗಿದಾಗ ಮೋಟು ಸ್ಪ್ರಿಂಗು ಪೀಠದಿಂದ ಕಳಚಿಕೊಳ್ಳಲೂಬಹುದು. ಒಳ್ಳೆಯ ಉಕ್ಕನ್ನು ಹದವರಿತು ಸುತ್ತಿ, ತೂಕಕ್ಕೆ ತಕ್ಕಂತೆ ಮಾಡಿದ ಸ್ಪ್ರಿಂಗಿಗೂ ಬೀದಿಯ ಬದಿಯಲ್ಲಿ ಸುಟ್ಟು ಕತ್ತರಿಸಿದ ಈ ತುಂಡಿಗೂ ಅಜಗಜಾಂತರ. ಆ ಅಂತರವನ್ನು ಕಾಣಬೇಕಾದದ್ದು ಕಾನೂನು. ಅದಕ್ಕೆ ಅದು ಕಾಣದು.

ಕಾನೂನು ಹೇಳುವುದೇನು? 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಮೂಲದಲ್ಲಿ ಹೇಳಿದ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ಭಿನ್ನವಾಗುವಂತೆ ಯಜಮಾನನು ವಾಹನವನ್ನು ಮಾರ್ಪಡಿಸಕೂಡದು. ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು, ಅನುಮತಿಯಿಲ್ಲದ ಮಾರ್ಪಾಟಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಇಲ್ಲವೆ ಎರಡನ್ನೂ ವಿಧಿಸಿತು. ಈಗ ನಿಮ್ಮ ಕಾರಿನ ನೋಂದಣಿ ಪತ್ರವನ್ನು ತೆಗೆದು ನೋಡಿ. ಬಣ್ಣವಿದೆ, ಸೀಟುಗಳ ಸಂಖ್ಯೆಯಿದೆ, ಖಾಲಿ ಗಾಡಿಯ ತೂಕವಿದೆ. ನೆಲದಿಂದ ಎಷ್ಟು ಎತ್ತರ, ಸ್ಪ್ರಿಂಗು ಎಷ್ಟು ಬಿರುಸು ಎಂಬ ಸುದ್ದಿಯೇ ಇಲ್ಲ. ಅಳತೆಗೋಲು ಕೊಡದೆ ಅಳತೆ ಮೀರಿದೆಯೆಂದು ದಂಡ ಹಾಕುವ ನ್ಯಾಯ ಇದು. ತೂಗಿ ಲೆಕ್ಕ ಹಾಕಿ, ಅಲೈನ್‌ಮೆಂಟ್ ಮಾಡಿಸಿ, ದೀಪ ಹೊಂದಿಸಿದ ಹುಡುಗನಿಗೂ ಗ್ಯಾಸಿನಲ್ಲಿ ಸುತ್ತು ಕತ್ತರಿಸಿದವನಿಗೂ ಅದರ ಕಣ್ಣಿನಲ್ಲಿ ಭೇದವಿಲ್ಲ. ಸರಿಯಾಗಿ ಮಾಡಿದರೂ ಅಪರಾಧ, ಕೆಟ್ಟದಾಗಿ ಮಾಡಿದರೂ ಅಪರಾಧ ಎಂದ ಮೇಲೆ ಸರಿಯಾಗಿ ಮಾಡುವ ಶ್ರಮ ಯಾತಕ್ಕೆ? ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಗಾದೆ ನಮಗೆ ಗೊತ್ತು. ಇಲ್ಲಿ ಮೂಗು ಕೊಯ್ದ ಮೇಲೂ ನೆಗಡಿ ಹೋಗಲಿಲ್ಲ.

ಹೋಗದಿರಲು ಕಾರಣ ಸರಳ. ನಮ್ಮ ದೇಶದಲ್ಲಿ ಸ್ವಂತ ಬಳಕೆಯ ಹೊಸ ಕಾರಿನ ನೋಂದಣಿ ಒಮ್ಮೆ ಆದರೆ 15 ವರ್ಷ ಜಾರಿಯಲ್ಲಿರುತ್ತದೆ. ಅಷ್ಟು ಕಾಲ ಅದರ ಬ್ರೇಕು, ಸ್ಟಿಯರಿಂಗು, ಸ್ಪ್ರಿಂಗುಗಳನ್ನು ಸರ್ಕಾರದ ಪರವಾಗಿ ಯಾರೂ ಕ್ರಮವಾಗಿ ಪರೀಕ್ಷಿಸುವುದಿಲ್ಲ. ಹಳದಿ ಫಲಕದ ಟ್ಯಾಕ್ಸಿಗೆ ಯೋಗ್ಯತಾಪತ್ರ ಬೇಕು, ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ಬಿಳಿ ಫಲಕದವನು ಹುಟ್ಟಾ ಯೋಗ್ಯ! ಬ್ರಿಟನ್ನಿನಲ್ಲಿ ಮೂರು ವರ್ಷ ತುಂಬಿದ ಕಾರು ವರ್ಷಕ್ಕೊಮ್ಮೆ ಪರೀಕ್ಷೆಗೆ ನಿಲ್ಲಬೇಕು. ಜರ್ಮನಿಯಲ್ಲಿ ಮೊದಲ ಪರೀಕ್ಷೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೆ. ಆ ಜರ್ಮನಿಯಲ್ಲಿಯೇ ಕಾರು ತಗ್ಗಿಸುವ ಸ್ಪ್ರಿಂಗುಗಳ ದೊಡ್ಡ ಉದ್ಯಮವಿದೆ ಎಂಬುದು ಗಮನಿಸಬೇಕಾದ ಸಂಗತಿ. ಅಲ್ಲಿ ಇಂಥ ಸ್ಪ್ರಿಂಗಿನ ಜೊತೆಗೆ, ಯಾವ ಕಾರಿಗೆ, ಯಾವ ಷರತ್ತುಗಳ ಮೇಲೆ ಹಾಕಬಹುದೆಂಬ ಪರೀಕ್ಷಾವರದಿ ಬರುತ್ತದೆ. ತರುಣ ತನ್ನ ಷೆಡ್ಡಿನಲ್ಲಿ ತಾನೇ ಹಾಕಿಕೊಳ್ಳಬಹುದು. ಹಾಕಿದ ಮೇಲೆ ಪರೀಕ್ಷಕನ ಮುಂದೆ ಕಾರನ್ನು ನಿಲ್ಲಿಸಬೇಕು. ಅವನು ನೋಡಿ ಒಪ್ಪಿದರೆ ಮಾರ್ಪಾಟು ಕಾಗದಕ್ಕೆ ಏರುತ್ತದೆ, ಒಪ್ಪದಿದ್ದರೆ ಕಾರು ರಸ್ತೆಗೆ ಇಳಿಯಕೂಡದು. ಕೈಕೆಲಸಕ್ಕೆ ಅಡ್ಡಿಯಿಲ್ಲ, ಪರೀಕ್ಷೆಗೆ ವಿನಾಯಿತಿಯಿಲ್ಲ. ವಿವೇಕವೆಂದರೆ ಇದು.

ಬರೇ ನಿಷೇಧದಿಂದ ಏನಾಗುತ್ತದೆಂಬುದಕ್ಕೆ ಕ್ಯಾಲಿಫೋರ್ನಿಯದಲ್ಲಿ ಒಂದು ಪಾಠವಿದೆ. ಲಾಸ್ ಏಂಜಲೀಸಿನ ಮೆಕ್ಸಿಕನ್ ಮೂಲದ ತರುಣರು ಡಿಕ್ಕಿಯಲ್ಲಿ ಮರಳಿನ ಚೀಲ ಹೇರಿ, ಸ್ಪ್ರಿಂಗು ಕತ್ತರಿಸಿ, ಕಾರುಗಳನ್ನು ನೆಲಕ್ಕೆ ತಾಗುವಂತೆ ಇಳಿಸುವುದನ್ನು ಒಂದು ಕಲೆಯಾಗಿ ಬೆಳೆಸಿದರು. 1950ರ ದಶಕದ ಕೊನೆಗೆ ಅಲ್ಲಿನ ಕಾನೂನು, ಕಾರಿನ ಯಾವ ಭಾಗವೂ ಗಾಲಿಯ ರಿಮ್ಮಿನ ಕೆಳ ಅಂಚಿಗಿಂತ ತಗ್ಗಿರಕೂಡದೆಂದು ವಿಧಿಸಿತು. ಆಗ ರಾನ್ ಅಗೀರೆ ಎಂಬ ತರುಣ ತನ್ನ ಕಾರಿಗೆ ವಿಮಾನದ ಹೈಡ್ರಾಲಿಕ್ ಪಂಪು ಜೋಡಿಸಿದ. ಪೊಲೀಸರನ್ನು ಕಂಡರೆ ಕಾರು ಮೇಲೇಳುತ್ತಿತ್ತು. ಅವರು ಹೋದರೆ ಮತ್ತೆ ಕೂರುತ್ತಿತ್ತು! ಬೇಡವೆಂದಷ್ಟೂ ಉಪಾಯ ಹುಡುಕುವುದು ಯೌವನದ ಸ್ವಭಾವ. ಆದರೂ ಆ ಕಾನೂನಿನಲ್ಲಿ ಒಂದು ಗುಣವಿತ್ತು: ರಿಮ್ಮಿನ ಅಂಚು ಎಂಬ ಗೆರೆ ಎಲ್ಲರ ಕಣ್ಣಿಗೂ ಕಾಣುವಂಥದು, ಯಜಮಾನನೂ ಪೊಲೀಸನೂ ಅದೇ ಗೆರೆ ನೋಡಿ ವಾದಿಸಬಹುದು. ನಮ್ಮಲ್ಲಿ ಆ ಗೆರೆಯೂ ಇಲ್ಲ.

‘ತಪಾಸಣೆ ಎಂದರೆ ಲಂಚಕ್ಕೆ ಇನ್ನೊಂದು ಕಿಟಕಿ’ ಎಂದು ಓದುಗರು ನಗುವುದು ನನಗೆ ಕೇಳಿಸುತ್ತಿದೆ. ಆ ನಗೆಗೆ ಆಧಾರವಿಲ್ಲವೆಂದು ಹೇಳಲಾರೆ. ಆದರೆ ಬ್ರೇಕಿನ ಬಲವನ್ನು ಉರುಳೆಗಳ ಮೇಲೆ ಯಂತ್ರ ಅಳೆಯಬಲ್ಲುದು; ದೀಪದ ಬಾಗನ್ನೂ ಯಂತ್ರವೇ ಅಳೆಯಬಲ್ಲುದು. ಸ್ವಯಂಚಾಲಿತ ತಪಾಸಣಾ ಕೇಂದ್ರಗಳಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ನಿಯಮಗಳನ್ನೇ ಹೊರಡಿಸಿತು. ದಾರಿ ಇದೆ. ಸ್ವಂತ ಕಾರಿನವರೂ 15 ವರ್ಷ ಕಾಯದೆ ಆ ದಾರಿಯಲ್ಲಿ ನಡೆಯಬೇಕೆಂಬ ಒತ್ತಾಯ ಮಾತ್ರ ಯಾರಿಂದಲೂ ಬರುತ್ತಿಲ್ಲ. ಯಾತಕ್ಕೆ ಬರುತ್ತಿಲ್ಲವೆಂದರೆ, ಒತ್ತಾಯಿಸಬೇಕಾದ ನಾವೇ ಆ ಕಾರುಗಳ ಯಜಮಾನರು.

ಇಲ್ಲಿ ಕಾರು ತಗ್ಗಿಸದ ಸಭ್ಯ ಗೃಹಸ್ಥರೂ ಹಿಗ್ಗಬೇಕಾಗಿಲ್ಲ. ನುಣ್ಣಗೆ ಸವೆದ ಟೈರು, ಎಣ್ಣೆ ಸೋರಿ ಸತ್ತ ಶಾಕ್ ಅಬ್ಸಾರ್ಬರು, ಒಂದು ಕಡೆ ಎಳೆಯುವ ಬ್ರೇಕು, ಆಕಾಶ ನೋಡುವ ಮುಂದೀಪ: ಇವೆಲ್ಲ ಕಾರ್ಖಾನೆಯ ಎತ್ತರದಲ್ಲಿಯೇ ಇರುವ ಕಾರುಗಳಲ್ಲಿಯೂ ಇವೆ. ಅವುಗಳ ಯಜಮಾನರು ಪ್ರತಿ ಶನಿವಾರ ಕಾರು ತೊಳೆಸುತ್ತಾರೆ. ಅದರ ಕೆಳಗೆ ಬಗ್ಗಿ ನೋಡಿದವರಲ್ಲ. ಸ್ಪ್ರಿಂಗು ಬದಲಾಯಿಸಿದ ಹುಡುಗ ಬೇಕೆಂದೇ ಒಂದು ಮಾರ್ಪಾಟು ಮಾಡಿದ. ಇವರ ಕಾರು ನೋಡದೆ ಬಿಟ್ಟದ್ದರಿಂದ ತಾನಾಗಿ ಮಾರ್ಪಟ್ಟಿತು. ಅಪಘಾತದಲ್ಲಿ ಸಿಕ್ಕಿದವನಿಗೆ ಇವೆರಡರ ವ್ಯತ್ಯಾಸದಿಂದ ಏನು ಸಮಾಧಾನ?

ಆದ್ದರಿಂದ ನಾನು ಕೇಳುವುದು ಇಷ್ಟು. ಸ್ವಂತ ಬಳಕೆಯ ಕಾರನ್ನೂ ಐದು ವರ್ಷ ತುಂಬಿದಾಗ ಒಮ್ಮೆ, ಆಮೇಲೆ ಎರಡು ವರ್ಷಕ್ಕೊಮ್ಮೆ ಯಂತ್ರದ ಮುಂದೆ ನಿಲ್ಲಿಸುವ ನಿಯಮ ಬರಲಿ. ಕಾರಿನ ಎತ್ತರಕ್ಕೆ ನಮ್ಮ ರಸ್ತೆಗಳನ್ನು ನೋಡಿ ಗೊತ್ತುಮಾಡಿದ ಕನಿಷ್ಠ ಮಿತಿಯೊಂದು ಕಾಗದದಲ್ಲಿ ಇರಲಿ. ಸ್ಪ್ರಿಂಗು ಮಾರುವವನು ಅದರ ಪರೀಕ್ಷಾವರದಿಯನ್ನು ಕೊಡಲಿ. ಕೊಡಲಾರದವನ ಸರಕು ಅಂಗಡಿಯಲ್ಲಿ ಇರಕೂಡದು. ಗ್ಯಾಸಿನಲ್ಲಿ ಸ್ಪ್ರಿಂಗು ಕತ್ತರಿಸುವವನಿಗೆ ಯಾವ ದಾಕ್ಷಿಣ್ಯವೂ ಬೇಡ. ಹಂಪುಗಳನ್ನು 1988ರ ಅಳತೆಗಾದರೂ ತರಲಿ. ತಂದೆತಾಯಿಗಳು ಮಗನಿಗೆ ಬೈಯುವ ಮೊದಲು ಜಾಕಿನ ಜೊತೆಗೆ ಒಂದು ಜೊತೆ ಒಳ್ಳೆಯ ಸ್ಟ್ಯಾಂಡು ಕೊಡಿಸಲಿ.

ತರುಣನಿಗೂ ಒಂದು ಮಾತು. ಗಾಲಿ ಬಿಚ್ಚು, ಬ್ರೇಕು ಶುಚಿಮಾಡು, ಸತ್ತ ಶಾಕ್ ಅಬ್ಸಾರ್ಬರನ್ನು ಬದಲಾಯಿಸು, ಕಾರ್ಖಾನೆಯ ಅಳತೆಯ ಸ್ಪ್ರಿಂಗನ್ನೇ ಬಿಚ್ಚಿ ಜೋಡಿಸಲು ಕಲಿ. ಇಷ್ಟಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ. ನಿನ್ನ ಮನೆಯವರೂ ರಸ್ತೆಯವರೂ ನಿನಗೆ ಋಣಿಗಳಾಗಿರುತ್ತಾರೆ. ಕಾರು ತಗ್ಗಿಸುವ ಹಕ್ಕು ಬೇಕೆಂದರೆ, ಮೊದಲು ಅದನ್ನು ಪರೀಕ್ಷಿಸುವ ವ್ಯವಸ್ಥೆ ಬೇಕೆಂದು ಸರ್ಕಾರದ ಬಾಗಿಲು ತಟ್ಟು; ನಿನ್ನ ಕೆಲಸ ಸರಿಯಾಗಿದ್ದರೆ ಆ ಪರೀಕ್ಷೆಗೆ ನೀನು ಹೆದರಬೇಕಾದ ಕಾರಣವಿಲ್ಲ. ಅಲ್ಲಿಯವರೆಗೆ ಆ ಗಿಡ್ಡ ಸ್ಪ್ರಿಂಗುಗಳು ಪೆಟ್ಟಿಗೆಯಲ್ಲಿಯೇ ಇರಲಿ, ಸ್ಪ್ಯಾನರು ಕೈಯಲ್ಲಿರಲಿ.